ಶಾಲೆಯ ಜಾಲತಾಣ ಕಟ್ಟಿದ ಮೇಲೆ: ಅಪ್‌ಡೇಟ್, ಬ್ಯಾಕಪ್ ಮತ್ತು ಪ್ರಭಾರ ಹಸ್ತಾಂತರ

ಬಿ.ಇಡ್. ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್ ಮುಗಿಸಿ ಬರುವಾಗ ಅಭ್ಯಾಸ ಶಾಲೆಗೆ ಏನಾದರೂ ಬಿಟ್ಟುಬರುವ ರೂಢಿ ಮೊದಲಿನಿಂದಲೂ ಇದೆ. ಗೋಡೆಪತ್ರಿಕೆ, ಭೂಪಟ, ವಿಜ್ಞಾನದ ಮಾದರಿ, ಗ್ರಂಥಾಲಯದ ಪುಸ್ತಕಪಟ್ಟಿ, ಹೀಗೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಶಾಲೆಯ ಜಾಲತಾಣವೂ ಸೇರಿಕೊಂಡಿದೆ. ಕಂಪ್ಯೂಟರ್ ಬಲ್ಲ ಒಬ್ಬಿಬ್ಬರು ಸೇರಿದರೆ ಎರಡು ವಾರದಲ್ಲಿ ವರ್ಡ್‌ಪ್ರೆಸ್‌ನಲ್ಲಿ ಒಂದು ತಾಣ ಸಿದ್ಧವಾಗುತ್ತದೆ. ಶಾಲೆಯ ಇತಿಹಾಸ, ಶಿಕ್ಷಕರ ಭಾವಚಿತ್ರ, ಪ್ರತಿಭಾ ಕಾರಂಜಿಯ ಫೋಟೋಗಳು, ಫಲಿತಾಂಶದ ಪಿಡಿಎಫ್, ಎಲ್ಲವೂ ಅಲ್ಲಿಗೆ ಏರುತ್ತವೆ. ಮುಖ್ಯಶಿಕ್ಷಕರಿಗೆ ಸಂತೋಷ, ಮಾರ್ಗದರ್ಶಕರಿಗೆ ಅಂಕ ಕೊಡಲು ಒಂದು ಆಧಾರ. ಕಟ್ಟಿದವರು ಹೊರಟುಹೋದ ಮೇಲೆ ಆ ತಾಣವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಮೌಲ್ಯಮಾಪನದ ಯಾವ ಕಲಂನಲ್ಲೂ ಕೇಳುವುದಿಲ್ಲ.

ಚಾರ್ಟಿನ ಬಣ್ಣ ಮಾಸಿದರೆ ತೆಗೆದು ಕಪಾಟಿನ ಮೇಲಿಡಬಹುದು, ಯಾರಿಗೂ ತೊಂದರೆಯಿಲ್ಲ. ಬಿಟ್ಟುಹೋದ ಜಾಲತಾಣದಿಂದ ತೊಂದರೆ ಇದೆ. ಎರಡು ವರ್ಷ ಯಾರೂ ಮುಟ್ಟದ ಶಾಲಾ ತಾಣವೊಂದರ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಜೂಜಾಟದ ಜಾಹೀರಾತು, ಜಪಾನಿ ಲಿಪಿಯ ಮಾರಾಟದ ಪುಟಗಳು, ನಕಲಿ ಔಷಧಿಯ ಪಟ್ಟಿ ಬರುವುದು ಅಪರೂಪವಲ್ಲ. ಶಾಲೆ ಕಾಲೇಜುಗಳ ವಿಳಾಸವನ್ನು ಶೋಧಯಂತ್ರಗಳು ನಂಬುತ್ತವೆ. ಆ ನಂಬಿಕೆಯನ್ನು ಕದಿಯುವುದೇ ಇಂಥ ದಾಳಿಗಳ ಉದ್ದೇಶ. ಪೋಷಕರೊಬ್ಬರು ದಾಖಲಾತಿಯ ದಿನಾಂಕ ನೋಡಲೆಂದು ಮೊಬೈಲಿನಲ್ಲಿ ಒತ್ತಿದಾಗ, ಏಳನೆಯ ತರಗತಿಯ ಹುಡುಗಿ ಮನೆಪಾಠಕ್ಕೆಂದು ಒತ್ತಿದಾಗ, ಎದುರಾಗುವುದು ಇದು. ಹಾಗಾಗಿ ತಾಣ ಕಟ್ಟುವುದನ್ನು ಕಲಿಸುವ ನಾವು ಅದನ್ನು ಕಾಯುವುದನ್ನೂ ಕಲಿಸಬೇಕಾಗಿದೆ. ಅದಕ್ಕೆ ಬೇಕಾದ ವಿಷಯಜ್ಞಾನವನ್ನೂ ಅಭ್ಯಾಸ ಬೋಧನೆಯಲ್ಲಿ ಬಳಸಬಹುದಾದ ಕೆಲವು ಚಟುವಟಿಕೆಗಳನ್ನೂ ಇಲ್ಲಿ ಕೊಡಲಾಗಿದೆ.

ಒಂದು ತಾಣ, ಹಲವು ಪದರ

ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಸಿಎಂಎಸ್, ಬರಹವನ್ನು ಒಂದೆಡೆ ಇಟ್ಟುಕೊಂಡು ಕೇಳಿದಾಗ ಪುಟವಾಗಿ ಜೋಡಿಸಿ ಕೊಡುವ ತಂತ್ರಾಂಶ. ವರ್ಡ್‌ಪ್ರೆಸ್, ಡ್ರುಪಲ್, ಜೂಮ್ಲಾ ಇವುಗಳಲ್ಲಿ ಹೆಸರಾದವು. ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ 2003ರ ಮೇ ತಿಂಗಳಲ್ಲಿ ಬಂತು. ಪ್ರಶಿಕ್ಷಣಾರ್ಥಿಗಳಲ್ಲಿ ಇರುವ ಸಾಮಾನ್ಯ ತಪ್ಪುಕಲ್ಪನೆ ಏನೆಂದರೆ, ಜಾಲತಾಣವೆಂದರೆ ಎಲ್ಲೋ ಇಟ್ಟಿರುವ ಪುಟಗಳ ಕಟ್ಟು ಎಂಬುದು. ಪುಟಗಳ ಕಟ್ಟಾಗಿದ್ದರೆ ಅದನ್ನು ಕಾಯುವ ಪ್ರಶ್ನೆಯೇ ಹೆಚ್ಚು ಬರುತ್ತಿರಲಿಲ್ಲ. ಸಿಎಂಎಸ್‌ನಲ್ಲಿ ಒಬ್ಬರು ಪುಟ ತೆರೆದಾಗಲೆಲ್ಲ ಸರ್ವರ್‌ನಲ್ಲಿ ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಓಡುತ್ತದೆ, ಡೇಟಾಬೇಸ್‌ನಿಂದ ಬರಹ ತರುತ್ತದೆ, ಥೀಮ್‌ನ ಅಚ್ಚಿಗೆ ಸುರಿಯುತ್ತದೆ, ಪ್ಲಗಿನ್‌ಗಳು ನಡುವೆ ತಮ್ಮ ಕೈಚಳಕ ಸೇರಿಸುತ್ತವೆ. ಅಪರಿಚಿತರ ಮಾತು ಕೇಳಿ ಓಡುವ ಪ್ರೋಗ್ರಾಂ ಅದು. ಎಲ್ಲಿ ಪ್ರೋಗ್ರಾಂ ಅಪರಿಚಿತರ ಮಾತು ಕೇಳುತ್ತದೋ ಅಲ್ಲಿ ಅದನ್ನು ದಾರಿತಪ್ಪಿಸುವ ಅವಕಾಶವೂ ಇರುತ್ತದೆ.

ಹಾಗಾಗಿ ‘ಅಪ್‌ಡೇಟ್ ಮಾಡಿದ್ದೇನೆ’ ಎಂದು ಪ್ರಶಿಕ್ಷಣಾರ್ಥಿ ಹೇಳಿದರೆ ‘ಯಾವುದನ್ನು?’ ಎಂದು ಕೇಳುವುದು ಬೋಧಕರ ಮೊದಲ ಕೆಲಸ. ಮೂಲ ತಂತ್ರಾಂಶ ಒಂದು, ಪ್ರತಿ ಪ್ಲಗಿನ್ ಬೇರೆ, ಥೀಮ್ ಬೇರೆ, ಸರ್ವರ್‌ನ ಪಿಎಚ್‌ಪಿ ಬೇರೆ. ಒಂದೊಂದನ್ನೂ ಬೇರೆ ಬೇರೆಯವರು ಬರೆದಿರುತ್ತಾರೆ, ಒಂದೊಂದರ ಆಯಸ್ಸೂ ಬೇರೆ. ಪಿಎಚ್‌ಪಿ 7.4ಕ್ಕೆ ಭದ್ರತಾ ತಿದ್ದುಪಡಿ ಕೊಡುವುದು 2022ರ ನವೆಂಬರ್ 28ಕ್ಕೆ ನಿಂತಿತು. ಡ್ರುಪಲ್ 7 ಎಂಬ ಆವೃತ್ತಿ 2011ರ ಜನವರಿ 5ರಂದು ಹುಟ್ಟಿ ಸರಿಯಾಗಿ ಹದಿನಾಲ್ಕು ವರ್ಷ ಬಾಳಿ 2025ರ ಜನವರಿ 5ಕ್ಕೆ ಅಧಿಕೃತ ಬೆಂಬಲ ಕಳೆದುಕೊಂಡಿತು. ಬೆಂಬಲ ಮುಗಿದ ಮೇಲೂ ತಾಣ ತೆರೆದುಕೊಳ್ಳುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಹೊಸ ಲೋಪ ಪತ್ತೆಯಾದರೆ ಮುಚ್ಚುವವರು ಇರುವುದಿಲ್ಲ, ಅಷ್ಟೆ.

ಏಳು ಗಂಟೆಯ ಲೆಕ್ಕ

‘ರಜೆ ಮುಗಿದ ಮೇಲೆ ಅಪ್‌ಡೇಟ್ ಮಾಡಿದರಾಯಿತು’ ಎನ್ನುವವರಿಗೆ ಹೇಳಬೇಕಾದ ಪ್ರಸಂಗ ಡ್ರುಪಲ್‌ನದು. 2014ರ ಅಕ್ಟೋಬರ್ 15ರಂದು ಡ್ರುಪಲ್‌ನ ಭದ್ರತಾ ತಂಡ ಒಂದು ಗಂಭೀರ ಲೋಪವನ್ನು ಪ್ರಕಟಿಸಿ, ಅದನ್ನು ಸರಿಪಡಿಸಿದ 7.32 ಆವೃತ್ತಿಯನ್ನು ಬಿಡುಗಡೆ ಮಾಡಿತು. ಡೇಟಾಬೇಸ್‌ಗೆ ಹೋಗುವ ಪ್ರಶ್ನೆಯೊಳಗೆ ಹೊರಗಿನವರು ತಮ್ಮ ಆಜ್ಞೆಯನ್ನು ತುರುಕಬಹುದಾದ ದೋಷ ಅದು. ಇಂಥ ತುರುಕುವಿಕೆಯನ್ನು ತಡೆಯಲೆಂದೇ ಬರೆದಿದ್ದ ಭಾಗದಲ್ಲಿ ಆ ದೋಷ ಇದ್ದದ್ದು ವಿಪರ್ಯಾಸ. ಲಾಗಿನ್ ಆಗುವ ಅಗತ್ಯವೂ ಇರಲಿಲ್ಲ. ಎರಡು ವಾರದ ನಂತರ, ಅಕ್ಟೋಬರ್ 29ರಂದು, ಅದೇ ತಂಡ ಇನ್ನೊಂದು ಪ್ರಕಟಣೆ ಹೊರಡಿಸಿತು. ಪ್ರಕಟಣೆಯಾದ ಏಳು ಗಂಟೆಯೊಳಗೆ ಸರಿಪಡಿಸಿಕೊಳ್ಳದ ಡ್ರುಪಲ್ 7 ತಾಣಗಳೆಲ್ಲ ದಾಳಿಗೆ ತುತ್ತಾಗಿವೆ ಎಂದೇ ಭಾವಿಸಿ ಮುಂದುವರಿಯಿರಿ ಎಂಬುದು ಅದರ ತಾತ್ಪರ್ಯ.

ಆ ಏಳು ಗಂಟೆ ಮುಗಿದದ್ದು ಅಂತಾರಾಷ್ಟ್ರೀಯ ಸಮಯದಂತೆ ರಾತ್ರಿ 11ಕ್ಕೆ. ನಮ್ಮ ಗಡಿಯಾರದಲ್ಲಿ ಅದು ಮರುದಿನ ನಸುಕಿನ ನಾಲ್ಕೂವರೆ. ಸುದ್ದಿ ಬಂದದ್ದು ಇಲ್ಲಿ ರಾತ್ರಿ ಒಂಬತ್ತೂವರೆಯ ಸುಮಾರಿಗೆ. ಗಡುವು ಮುಗಿದದ್ದು ಹಾಲಿನವನು ಬರುವ ಮೊದಲು. ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬಂದು ಶ್ರದ್ಧೆಯಿಂದ ಅಪ್‌ಡೇಟ್ ಗುಂಡಿ ಒತ್ತಿದವರದೂ ತಡವೇ ಆಗಿತ್ತು. ಇದನ್ನು ತರಗತಿಯಲ್ಲಿ ಹೇಳಿದಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಸರಿಪಡಿಸುವ ತಿದ್ದುಪಡಿ ಬಂದ ಮೇಲೆ ದಾಳಿ ಹೇಗೆ ಹೆಚ್ಚುತ್ತದೆ? ತಿದ್ದುಪಡಿಯೇ ಸುಳಿವು ಕೊಡುತ್ತದೆ ಎಂಬುದು ಉತ್ತರ. ಇವು ಮುಕ್ತ ತಂತ್ರಾಂಶಗಳು. ಹಳೆಯ ಕಡತವನ್ನೂ ಹೊಸ ಕಡತವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾವ ಸಾಲು ಬದಲಾಗಿದೆ ಎಂದು ತಿಳಿಯುತ್ತದೆ. ಎಲ್ಲಿ ಬೀಗ ಬದಲಿಸಿದರೋ ಅಲ್ಲೇ ಹಳೆಯ ಬೀಗ ಸಡಿಲವಿತ್ತು ಎಂದರ್ಥ. ಆಮೇಲೆ ಆ ಸಡಿಲ ಬೀಗ ಇನ್ನೂ ಯಾರ ಮನೆಯಲ್ಲಿದೆ ಎಂದು ಹುಡುಕುವ ಕೆಲಸವನ್ನು ಯಂತ್ರಗಳು ಮಾಡುತ್ತವೆ. ‘ನಮ್ಮದು ಸಣ್ಣ ಹಳ್ಳಿ ಶಾಲೆ, ನಮ್ಮ ಮೇಲೆ ಯಾರು ದಾಳಿ ಮಾಡುತ್ತಾರೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಯಂತ್ರ ಊರಿನ ಹೆಸರು ಓದುವುದಿಲ್ಲ, ಆವೃತ್ತಿಯ ಸಂಖ್ಯೆ ಓದುತ್ತದೆ.

ಎರಡನೆಯ ಪ್ರಸಂಗ ವರ್ಡ್‌ಪ್ರೆಸ್‌ನದು. ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಭದ್ರತಾ ಲೋಪವೆಂದರೆ ಏನು ಎಂಬುದನ್ನು ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾಗುವಂತೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 4.7.0 ಮತ್ತು 4.7.1 ಆವೃತ್ತಿಗಳಲ್ಲಿ ಹೊರಗಿನ ತಂತ್ರಾಂಶಗಳು ಬರಹವನ್ನು ತಿದ್ದಲು ಒಂದು ದಾರಿ ಇತ್ತು. ಬರಹಕ್ಕೆ ಒಂದು ಸಂಖ್ಯೆ ಇರುತ್ತದೆ, 123 ಎಂದುಕೊಳ್ಳಿ. ಮೊದಲು ಒಂದು ಭಾಗ ‘ಈ ವ್ಯಕ್ತಿಗೆ 123ನ್ನು ತಿದ್ದುವ ಅಧಿಕಾರ ಇದೆಯೇ’ ಎಂದು ಪರೀಕ್ಷಿಸಬೇಕು, ಆಮೇಲೆ ಇನ್ನೊಂದು ಭಾಗ ತಿದ್ದಬೇಕು. ಯಾರಾದರೂ 123ರ ಪಕ್ಕ ಒಂದು ಅಕ್ಷರ ಸೇರಿಸಿ ‘123ಕ’ ಎಂದು ಕಳಿಸಿದರೆ ಏನಾಗುತ್ತಿತ್ತು? ಪರೀಕ್ಷಿಸುವ ಭಾಗ ಹುಡುಕಿ, ‘ಅಂಥ ಬರಹವೇ ಇಲ್ಲ, ಹಾಗಾಗಿ ತಡೆಯಬೇಕಾದದ್ದೂ ಇಲ್ಲ’ ಎಂದು ಬಿಟ್ಟುಬಿಡುತ್ತಿತ್ತು. ತಿದ್ದುವ ಭಾಗ ಬಾಲದ ಅಕ್ಷರವನ್ನು ಕತ್ತರಿಸಿ ಎಸೆದು, ಉಳಿದ 123ನ್ನು ಸಂಖ್ಯೆಯೆಂದು ತೆಗೆದುಕೊಂಡು ಬರಹವನ್ನು ತಿದ್ದಿಬಿಡುತ್ತಿತ್ತು. ಗೇಟಿನ ಕಾವಲುಗಾರ ಒಂದು ರೀತಿ ಚೀಟಿ ಓದಿದ, ಒಳಗಿನ ಗುಮಾಸ್ತ ಅದೇ ಚೀಟಿಯನ್ನು ಇನ್ನೊಂದು ರೀತಿ ಓದಿದ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ಲೋಪ ಇದ್ದದ್ದು ಇಬ್ಬರ ನಡುವೆ.

ಇದನ್ನು ಸರಿಪಡಿಸಿದ 4.7.2 ಆವೃತ್ತಿ ಬಂದದ್ದು 2017ರ ಜನವರಿ 26ರಂದು, ನಮ್ಮಲ್ಲಿ ಗಣರಾಜ್ಯೋತ್ಸವದ ರಜೆಯ ದಿನ. ವರ್ಡ್‌ಪ್ರೆಸ್ ತಂಡ ಈ ಲೋಪದ ವಿವರವನ್ನು ಬೇಕೆಂದೇ ಫೆಬ್ರವರಿ 1ರವರೆಗೆ ಮುಚ್ಚಿಟ್ಟಿತು. ಅಷ್ಟರಲ್ಲಿ ಸ್ವಯಂಚಾಲಿತ ಅಪ್‌ಡೇಟ್ ಇದ್ದ ತಾಣಗಳೆಲ್ಲ ತಾವಾಗಿಯೇ ಸರಿಯಾಗಲಿ ಎಂಬುದು ಉದ್ದೇಶ. ವಿವರ ಹೊರಬಿದ್ದ ಮೇಲೆ ಅಪ್‌ಡೇಟ್ ಆಗದೆ ಉಳಿದಿದ್ದ ತಾಣಗಳ ಮೇಲೆ ದಾಳಿ ಮುಗಿಬಿತ್ತು. ಕೆಲವೇ ದಿನಗಳಲ್ಲಿ ವಿರೂಪಗೊಂಡ ಪುಟಗಳ ಸಂಖ್ಯೆ 15 ಲಕ್ಷ ದಾಟಿತೆಂದು ಭದ್ರತಾ ಸಂಸ್ಥೆಗಳು ವರದಿ ಮಾಡಿದವು. ದಾಳಿಗೆ ಸಿಕ್ಕವರಲ್ಲಿ ಸ್ವಯಂಚಾಲಿತ ಅಪ್‌ಡೇಟನ್ನು ‘ತಾಣ ಕೆಟ್ಟುಹೋದೀತು’ ಎಂಬ ಭಯದಿಂದ ನಿಲ್ಲಿಸಿಟ್ಟವರೂ ಇದ್ದರು.

ಆ ಭಯ ಪೂರ್ತಿ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಅಪ್‌ಡೇಟ್‌ನಿಂದ ಒಮ್ಮೊಮ್ಮೆ ಪುಟ ಬಿಳಿಯಾಗಿ ನಿಲ್ಲುತ್ತದೆ, ಮೆನು ಕಾಣೆಯಾಗುತ್ತದೆ. ಆದರೆ ಬ್ಯಾಕಪ್ ಇದ್ದರೆ ಕೆಟ್ಟ ಪುಟ ಒಂದು ಗಂಟೆಯಲ್ಲಿ ಸರಿಯಾಗುತ್ತದೆ. ಕದ್ದುಹೋದ ತಾಣ ಶುದ್ಧವಾಗಿದೆ ಎಂದು ಖಾತ್ರಿಪಡಿಸಿಕೊಳ್ಳಲು ವಾರಗಳು ಬೇಕು. ಶಾಲಾ ತಾಣಕ್ಕೆ ಸ್ವಯಂಚಾಲಿತ ಅಪ್‌ಡೇಟ್ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಭದ್ರತಾ ತಿದ್ದುಪಡಿಗಳನ್ನು ತಾನಾಗಿಯೇ ಹಾಕಿಕೊಳ್ಳುವ ಸೌಲಭ್ಯ ವರ್ಡ್‌ಪ್ರೆಸ್‌ಗೆ 2013ರ ಅಕ್ಟೋಬರ್‌ನಲ್ಲಿ, 3.7 ಆವೃತ್ತಿಯೊಂದಿಗೆ ಬಂತು. ಪ್ಲಗಿನ್ ಮತ್ತು ಥೀಮ್‌ಗಳಿಗೂ ಅದೇ ಸೌಲಭ್ಯವನ್ನು ನಿರ್ವಾಹಕರ ಪರದೆಯಿಂದಲೇ ಚಾಲೂ ಮಾಡುವ ಅವಕಾಶ 2020ರ ಆಗಸ್ಟ್‌ನ 5.5 ಆವೃತ್ತಿಯಲ್ಲಿ ಸೇರಿತು. ಒಂದು ಸೂಕ್ಷ್ಮ ಮಾತ್ರ ನೆನಪಿರಲಿ: ವರ್ಡ್‌ಪ್ರೆಸ್‌ನ ಸಮಯಪಾಲನೆ ಗಡಿಯಾರದಿಂದ ನಡೆಯುವುದಿಲ್ಲ, ಯಾರಾದರೂ ಪುಟ ತೆರೆದಾಗ ‘ಮಾಡಬೇಕಾದ ಕೆಲಸ ಬಾಕಿ ಇದೆಯೇ’ ಎಂದು ನೋಡಿಕೊಳ್ಳುತ್ತದೆ. ಬೇಸಿಗೆ ರಜೆಯಲ್ಲಿ ಯಾರೂ ತೆರೆಯದ ತಾಣದಲ್ಲಿ ಆ ಕೆಲಸ ಬಾಕಿಯೇ ಉಳಿಯಬಹುದು. ವಾರಕ್ಕೊಮ್ಮೆ ಯಾರಾದರೂ ತೆರೆದು ನೋಡುವುದು, ಅಥವಾ ಹೋಸ್ಟಿಂಗ್‌ನಲ್ಲಿ ಸಮಯ ನಿಗದಿ ಮಾಡುವುದು ಇದಕ್ಕೆ ಪರಿಹಾರ.

ಪ್ಲಗಿನ್ ಎಂಬ ಬಾಡಿಗೆದಾರ

ಮೂಲ ತಂತ್ರಾಂಶಕ್ಕಿಂತ ಹೆಚ್ಚು ಅಪಾಯ ಬರುವುದು ಪ್ಲಗಿನ್ ಮತ್ತು ಥೀಮ್‌ಗಳ ಕಡೆಯಿಂದ. ಮೂಲವನ್ನು ನೂರಾರು ಕಣ್ಣುಗಳು ನೋಡುತ್ತಿರುತ್ತವೆ; ಪ್ಲಗಿನ್ ಒಬ್ಬರೇ ಬಿಡುವಿನ ವೇಳೆಯಲ್ಲಿ ಬರೆದದ್ದಾಗಿರಬಹುದು. ಸ್ಲೈಡರ್ ರೆವಲ್ಯೂಷನ್ ಎಂಬ ಪ್ಲಗಿನ್‌ನ ಕಥೆ ಇಲ್ಲಿ ಉಪಯುಕ್ತ. ಮುಖಪುಟದಲ್ಲಿ ಚಿತ್ರಗಳು ಜಾರಿಕೊಂಡು ಹೋಗುವಂತೆ ಮಾಡುವ ಈ ಪ್ಲಗಿನ್‌ನ ಹಳೆಯ ಆವೃತ್ತಿಗಳಲ್ಲಿದ್ದ ಲೋಪವನ್ನು ತಯಾರಕರು 2014ರ ಆರಂಭದಲ್ಲೇ ಹೆಚ್ಚು ಸದ್ದು ಮಾಡದೆ ಸರಿಪಡಿಸಿದ್ದರು. ಆದರೆ ಹಣ ಕೊಟ್ಟು ಕೊಂಡ ಎಷ್ಟೋ ಥೀಮ್‌ಗಳು ಆ ಪ್ಲಗಿನ್‌ನ ಹಳೆಯ ಪ್ರತಿಯನ್ನು ತಮ್ಮ ಹೊಟ್ಟೆಯಲ್ಲಿಟ್ಟುಕೊಂಡಿದ್ದವು. ತಮ್ಮ ತಾಣದಲ್ಲಿ ಅಂಥದ್ದೊಂದು ಇದೆ ಎಂಬುದೇ ಅನೇಕ ಮಾಲೀಕರಿಗೆ ತಿಳಿದಿರಲಿಲ್ಲ, ಅಪ್‌ಡೇಟ್ ಸೂಚನೆಯೂ ಬರುತ್ತಿರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಇದೇ ದಾರಿಯಿಂದ ನುಗ್ಗಿದ ದುಷ್ಟ ತಂತ್ರಾಂಶದಿಂದಾಗಿ ಗೂಗಲ್ 11 ಸಾವಿರಕ್ಕೂ ಹೆಚ್ಚು ತಾಣಗಳನ್ನು ಅಪಾಯಕಾರಿ ಪಟ್ಟಿಗೆ ಸೇರಿಸಬೇಕಾಯಿತು. ಜಾರುವ ಚಿತ್ರಗಳಿಗಾಗಿ ಇಷ್ಟು! ಶಾಲಾ ತಾಣದಲ್ಲಿ ಅವುಗಳನ್ನು ಯಾರಾದರೂ ನಿಜವಾಗಿ ನೋಡುತ್ತಾರೆಯೇ ಎಂಬುದು ಬೇರೆ ಮಾತು.

ಇನ್ನೊಂದು ಬಗೆಯ ಅಪಾಯದಲ್ಲಿ ಅಪ್‌ಡೇಟೇ ಶತ್ರುವಾಗುತ್ತದೆ. ಡಿಸ್‌ಪ್ಲೇ ವಿಜೆಟ್ಸ್ ಎಂಬ ಉಪಯುಕ್ತ ಪ್ಲಗಿನ್ ಸುಮಾರು 2 ಲಕ್ಷ ತಾಣಗಳಲ್ಲಿತ್ತು. 2017ರಲ್ಲಿ ಅದರ ಮೂಲ ಲೇಖಕರು ಅದನ್ನು ಮಾರಿದರು. ಕೊಂಡವರು ಹೊಸ ಆವೃತ್ತಿಯಲ್ಲಿ ಹಿಂಬಾಗಿಲು ಇಟ್ಟು, ಬಳಕೆದಾರರ ತಾಣಗಳಲ್ಲಿ ಜಾಹೀರಾತು ಪುಟಗಳನ್ನು ಪ್ರಕಟಿಸತೊಡಗಿದರು. ತಾಣದ ನಿರ್ವಾಹಕರು ಲಾಗಿನ್ ಆಗಿ ನೋಡಿದರೆ ಆ ಪುಟಗಳು ಕಾಣುತ್ತಿರಲಿಲ್ಲ. ಕೊನೆಗೆ ವರ್ಡ್‌ಪ್ರೆಸ್ ಸಂಗ್ರಹದಿಂದ ಆ ಪ್ಲಗಿನನ್ನು ಸೆಪ್ಟೆಂಬರ್‌ನಲ್ಲಿ ಶಾಶ್ವತವಾಗಿ ತೆಗೆದುಹಾಕಲಾಯಿತು.

ಹಾಗಾದರೆ ಅಪ್‌ಡೇಟ್ ಮಾಡಬೇಕೋ ಬಾರದೋ ಎಂದು ಪ್ರಶಿಕ್ಷಣಾರ್ಥಿ ಗೊಂದಲಗೊಳ್ಳುವುದು ಸಹಜ. ಮಾಡಬೇಕು, ಪ್ಲಗಿನ್‌ಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದು ಮಾತ್ರ ಅದಕ್ಕಿಂತ ಮುಖ್ಯ. ಮನೆಗೆ ಬಾಡಿಗೆದಾರರನ್ನು ಸೇರಿಸುವಾಗ ವಿಚಾರಿಸುವಂತೆ ಇಲ್ಲಿಯೂ ವಿಚಾರಿಸಬೇಕು: ಇದು ಇಲ್ಲದೆ ತಾಣ ನಡೆಯುವುದಿಲ್ಲವೇ? ಕೊನೆಯ ಬಾರಿ ಅಪ್‌ಡೇಟ್ ಆದದ್ದು ಯಾವಾಗ? ಈಗಿನ ವರ್ಡ್‌ಪ್ರೆಸ್ ಆವೃತ್ತಿಯಲ್ಲಿ ಪರೀಕ್ಷಿಸಿದ್ದಾರೆಯೇ? ಬೇಡವಾದದ್ದನ್ನು ನಿಷ್ಕ್ರಿಯಗೊಳಿಸಿದರೆ ಸಾಲದು, ಅಳಿಸಬೇಕು. ನಿಷ್ಕ್ರಿಯ ಪ್ಲಗಿನ್‌ನ ಕಡತಗಳು ಸರ್ವರ್‌ನಲ್ಲೇ ಇರುತ್ತವೆ, ಹೊರಗಿನಿಂದ ನೇರವಾಗಿ ಅವುಗಳನ್ನು ತಟ್ಟಬಹುದು. ಹಣ ಕೊಡಬೇಕಾದ ಥೀಮ್ ‘ಉಚಿತವಾಗಿ’ ಸಿಗುತ್ತದೆಂದು ಯಾವುದೋ ತಾಣದಿಂದ ಇಳಿಸಿಕೊಳ್ಳುವುದಂತೂ ಕೂಡದು. ಕಳ್ಳಪ್ರತಿಯೊಳಗೆ ಹಿಂಬಾಗಿಲು ಸೇರಿಸಿ ಹಂಚುವುದು ಹಳೆಯ ಉಪಾಯ.

ಯಾರ ಕೈಯಲ್ಲಿ ಯಾವ ಕೀಲಿ

ಇಲ್ಲಿಯವರೆಗಿನದು ತಂತ್ರಾಂಶದ ಮಾತು. ಶಾಲಾ ತಾಣಗಳು ಹಾಳಾಗುವುದಕ್ಕೆ ಇನ್ನೂ ಸಾಮಾನ್ಯವಾದ ಕಾರಣ ಆಡಳಿತದ್ದು. ತಾಣ ಕಟ್ಟಿದ ಪ್ರಶಿಕ್ಷಣಾರ್ಥಿ ತನ್ನ ಸ್ವಂತ ಇ-ಮೇಲ್‌ನಿಂದ ನೋಂದಾಯಿಸಿರುತ್ತಾನೆ, ಡೊಮೇನ್‌ಗೆ ತನ್ನ ಅಣ್ಣನ ಕಾರ್ಡ್‌ನಿಂದ ಹಣ ಕಟ್ಟಿರುತ್ತಾನೆ, ಪಾಸ್‌ವರ್ಡ್ ಶಾಲೆಯ ಹೆಸರು ಮತ್ತು ಇಸವಿ. ನವೀಕರಣದ ನೆನಪೋಲೆ ಬರುವುದು ಅವನ ಇ-ಮೇಲ್‌ಗೆ. ಅವನು ಅಷ್ಟರಲ್ಲಿ ಬೇರೆ ಜಿಲ್ಲೆಯಲ್ಲಿ ಕೆಲಸಕ್ಕೆ ಸೇರಿರುತ್ತಾನೆ. ಅವಧಿ ಮುಗಿದ ಡೊಮೇನ್ ಹೆಸರನ್ನು ಬೇರೆಯವರು ಕೊಳ್ಳಬಹುದು. ಆಗ ಶಾಲೆಯ ಹೆಸರಿನ ವಿಳಾಸದಲ್ಲಿ ಏನು ಕಾಣಬೇಕೆಂದು ನಿರ್ಧರಿಸುವವರು ಅವರೇ. ಕಾಲೇಜುಗಳು ಬಳಸುವ ಎಸಿ ಡಾಟ್ ಇನ್, ಇಡಿಯು ಡಾಟ್ ಇನ್ ವಿಳಾಸಗಳನ್ನು ಅರ್ನೆಟ್ ಇಂಡಿಯಾ ಸಂಸ್ಥೆ ಅರ್ಹ ಶಿಕ್ಷಣ ಸಂಸ್ಥೆಗಳಿಗಷ್ಟೇ ಕೊಡುವುದರಿಂದ ಈ ಅಪಾಯ ಅಲ್ಲಿ ಕಡಿಮೆ. ಸಾಧ್ಯವಿರುವ ಸಂಸ್ಥೆಗಳು ಅದನ್ನೇ ಆಯ್ದುಕೊಳ್ಳುವುದು ಮೇಲು.

ನಮ್ಮ ಶಾಲೆಗಳಲ್ಲಿ ಇದಕ್ಕೆ ಬೇಕಾದ ವ್ಯವಸ್ಥೆ ಆಗಲೇ ಇದೆ. ಮುಖ್ಯಶಿಕ್ಷಕರು ವರ್ಗವಾದಾಗ ಪ್ರಭಾರ ಪಟ್ಟಿ ಮಾಡಿ, ಬೀರು ಎಷ್ಟು, ಬೆಂಚು ಎಷ್ಟು, ನಗದು ವಹಿಯಲ್ಲಿ ಶಿಲ್ಕು ಎಷ್ಟು ಎಂದು ಬರೆದು ಇಬ್ಬರೂ ಸಹಿ ಮಾಡುತ್ತಾರೆ. ಅದೇ ಪಟ್ಟಿಗೆ ಜಾಲತಾಣವನ್ನೂ ಸೇರಿಸಬೇಕು: ಡೊಮೇನ್ ಯಾರಲ್ಲಿ ನೋಂದಾಯಿಸಿದೆ, ಅವಧಿ ಎಂದಿನವರೆಗೆ, ಹೋಸ್ಟಿಂಗ್ ಎಲ್ಲಿ, ನಿರ್ವಾಹಕ ಖಾತೆಗಳು ಯಾರ ಹೆಸರಿನಲ್ಲಿವೆ, ಬ್ಯಾಕಪ್ ಎಲ್ಲಿದೆ, ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ. ಎಲ್ಲ ಖಾತೆಗಳೂ ಶಾಲೆಯ ಇ-ಮೇಲ್‌ನಲ್ಲಿರಲಿ, ಆ ಇ-ಮೇಲ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಯಾರದೆಂಬುದೂ ಪಟ್ಟಿಯಲ್ಲಿರಲಿ. ಪಾಸ್‌ವರ್ಡನ್ನು ಮಾತ್ರ ಈ ಪಟ್ಟಿಯಲ್ಲಿ ಬರೆಯಬಾರದು. ಮೊಹರು ಮಾಡಿದ ಲಕೋಟೆಯಲ್ಲಿ ಕಪಾಟಿನೊಳಗೆ ಇಡಬಹುದು. ಹಳೆಯ ಕಾಲದ ಪದ್ಧತಿ ಎನಿಸಿದರೂ ವಾಟ್ಸಾಪ್ ಗುಂಪಿನಲ್ಲಿ ಹಾಕುವುದಕ್ಕಿಂತ ಎಷ್ಟೋ ಪಾಲು ಸುರಕ್ಷಿತ. ಪ್ರಭಾರ ಬದಲಾದ ದಿನವೇ ಪಾಸ್‌ವರ್ಡ್ ಬದಲಾಗಬೇಕು, ಹೊರಟವರ ಖಾತೆ ಮುಚ್ಚಬೇಕು. ಖಾತೆ ಅಳಿಸುವಾಗ ಅವರ ಬರಹಗಳನ್ನು ಬೇರೆಯವರ ಹೆಸರಿಗೆ ವರ್ಗಾಯಿಸಬೇಕೇ ಎಂದು ವರ್ಡ್‌ಪ್ರೆಸ್ ಕೇಳುತ್ತದೆ. ಓದದೆ ಒತ್ತಿದರೆ ಬರಹಗಳೂ ಹೋಗುತ್ತವೆ.

ವರ್ಡ್‌ಪ್ರೆಸ್‌ನಲ್ಲಿ ಪಾತ್ರಗಳ ಹಂಚಿಕೆ ಇದೆ. ಕಾಂಟ್ರಿಬ್ಯೂಟರ್ ಬರೆಯಬಹುದು, ಪ್ರಕಟಿಸಲಾಗದು. ಆಥರ್ ತನ್ನ ಬರಹವನ್ನಷ್ಟೇ ಪ್ರಕಟಿಸಬಹುದು. ಎಡಿಟರ್ ಎಲ್ಲರ ಬರಹವನ್ನೂ ತಿದ್ದಬಹುದು. ಪ್ಲಗಿನ್ ಮುಟ್ಟುವ ಅಧಿಕಾರ ಅಡ್ಮಿನಿಸ್ಟ್ರೇಟರ್‌ಗೆ ಮಾತ್ರ. ಇದನ್ನು ಪ್ರಶಿಕ್ಷಣಾರ್ಥಿಗಳಿಗೆ ವಿವರಿಸುವುದು ಸುಲಭ: ಪಾಠಯೋಜನೆಯನ್ನು ಅವರು ಬರೆಯುತ್ತಾರೆ, ಮಾರ್ಗದರ್ಶಕರು ಸಹಿ ಮಾಡಿದ ಮೇಲಷ್ಟೇ ತರಗತಿಗೆ ಹೋಗುತ್ತದೆ. ಆ ಲೆಕ್ಕದಲ್ಲಿ ಪ್ರಶಿಕ್ಷಣಾರ್ಥಿಗೆ ಕಾಂಟ್ರಿಬ್ಯೂಟರ್ ಪಾತ್ರ ಸಾಕು. ಎಲ್ಲರಿಗೂ ಅಡ್ಮಿನಿಸ್ಟ್ರೇಟರ್ ಖಾತೆ ಕೊಡುವುದು, ಅಥವಾ ಒಂದೇ ಖಾತೆಯನ್ನು ಎಂಟು ಜನ ಹಂಚಿಕೊಳ್ಳುವುದು, ಶಾಲೆಯ ಮುದ್ರೆಯನ್ನು ಮೇಜಿನ ಮೇಲೆ ಬಿಟ್ಟಂತೆ. ನಿರ್ವಾಹಕರ ಖಾತೆಗೆ ಪಾಸ್‌ವರ್ಡ್ ಜೊತೆಗೆ ಮೊಬೈಲಿನ ಸಂಕೇತವನ್ನೂ ಕೇಳುವ ಎರಡು ಹಂತದ ಪರಿಶೀಲನೆ ಇರಲಿ.

ಮಕ್ಕಳ ವಿವರಗಳ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು. ಅಂಕಪಟ್ಟಿಯ ಪಿಡಿಎಫ್ ಅನ್ನು ಒಂದು ಪುಟಕ್ಕೆ ಸೇರಿಸಿ, ಆಮೇಲೆ ಆ ಪುಟವನ್ನು ಅಳಿಸಿದರೆ ಪಿಡಿಎಫ್ ಅಳಿಯುವುದಿಲ್ಲ. ಅದು ಅಪ್‌ಲೋಡ್ಸ್ ಎಂಬ ಫೋಲ್ಡರ್‌ನಲ್ಲಿ ಉಳಿದಿರುತ್ತದೆ, ವಿಳಾಸ ಗೊತ್ತಿದ್ದವರಿಗೆ ತೆರೆಯುತ್ತದೆ, ಶೋಧಯಂತ್ರವೂ ಅದನ್ನು ಎತ್ತಿಕೊಂಡಿರಬಹುದು. ಹುಟ್ಟಿದ ದಿನಾಂಕ, ಪೋಷಕರ ಮೊಬೈಲ್, ಸ್ಯಾಟ್ಸ್ ಸಂಖ್ಯೆ ಇರುವ ಪಟ್ಟಿ ತಾಣಕ್ಕೆ ಏರಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕೆನ್ನುವುದು ಆ ಕಾಯ್ದೆಯ ನಿಲುವು. ಕಾಯ್ದೆ ಇಲ್ಲದಿದ್ದರೂ ಶಿಕ್ಷಕರಿಗೆ ಇದು ಹೊಳೆಯಬೇಕಾದದ್ದೇ.

ಬ್ಯಾಕಪ್, ಮತ್ತು ಪ್ರಶ್ನಾರ್ಥಕ ಚಿಹ್ನೆಯಾದ ಕನ್ನಡ

ತಾಣದ ಬ್ಯಾಕಪ್ ಎಂದರೆ ಎರಡು ಭಾಗ: ಬರಹಗಳಿರುವ ಡೇಟಾಬೇಸ್, ಚಿತ್ರ, ಥೀಮ್, ಪ್ಲಗಿನ್ ಮುಂತಾದ ಕಡತಗಳು. ಒಂದೇ ಇದ್ದರೆ ಅರ್ಧ ತಾಣ. ಬ್ಯಾಕಪ್ ಪ್ಲಗಿನ್‌ಗಳು ಇದನ್ನು ವಾರಕ್ಕೊಮ್ಮೆ ತಾವಾಗಿಯೇ ಮಾಡುತ್ತವೆ. ಆದರೆ ಬ್ಯಾಕಪ್ ಅದೇ ಸರ್ವರ್‌ನಲ್ಲಿ ಕುಳಿತಿದ್ದರೆ ಸರ್ವರ್‌ನೊಂದಿಗೇ ಹೋಗುತ್ತದೆ. ಒಂದು ಪ್ರತಿ ಶಾಲೆಯ ಗೂಗಲ್ ಡ್ರೈವ್‌ನಲ್ಲಿ, ಒಂದು ಕಚೇರಿಯ ಹಾರ್ಡ್ ಡಿಸ್ಕ್‌ನಲ್ಲಿ ಇರಬೇಕು. ಹಳೆಯ ಪ್ರತಿಗಳನ್ನೂ ಕೆಲವು ತಿಂಗಳು ಉಳಿಸಿಕೊಳ್ಳಬೇಕು. ದಾಳಿ ನಡೆದದ್ದು ತಿಂಗಳ ನಂತರ ತಿಳಿದರೆ ಕಳೆದ ವಾರದ ಬ್ಯಾಕಪ್‌ನಲ್ಲಿಯೂ ಆ ದುಷ್ಟ ಕಡತಗಳೇ ಇರುತ್ತವೆ.

ಕನ್ನಡದ ತಾಣಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ಡೇಟಾಬೇಸ್ ಅಕ್ಷರಗಳನ್ನು ಯಾವ ಸಂಕೇತ ಪದ್ಧತಿಯಲ್ಲಿ ಇಟ್ಟುಕೊಂಡಿದೆ ಎಂಬುದರ ಮೇಲೆ ಕನ್ನಡ ಉಳಿಯುವುದೂ ಅಳಿಯುವುದೂ ನಿಂತಿದೆ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಹಳೆಯ ಲ್ಯಾಟಿನ್-1 ಪದ್ಧತಿಗೆ ಒಂದಕ್ಕಿಂತ ಹೆಚ್ಚು ಬೈಟಿನ ಅಕ್ಷರ ಗೊತ್ತಿಲ್ಲ. ಬ್ಯಾಕಪ್ ತೆಗೆಯುವಾಗ ಅಥವಾ ಮರಳಿ ಹಾಕುವಾಗ ಇವೆರಡರ ನಡುವೆ ಹೊಂದಿಕೆ ತಪ್ಪಿದರೆ ಎರಡು ಬಗೆಯ ಹಾನಿ ಕಾಣುತ್ತದೆ. ಒಂದು, ‘ಶಾಲೆ’ ಎಂಬಲ್ಲಿ ತಲೆಯ ಮೇಲೆ ಗೀಟುಳ್ಳ ವಿಚಿತ್ರ ರೋಮನ್ ಅಕ್ಷರಗಳ ಸಾಲು. ನೋಡಲು ಭಯಂಕರ, ಆದರೆ ಬೈಟುಗಳು ಒಳಗೆ ಉಳಿದಿರುವುದರಿಂದ ತಿಳಿದವರು ಸಾಮಾನ್ಯವಾಗಿ ಮರಳಿ ಪಡೆಯಬಲ್ಲರು. ಎರಡನೆಯದು ಅಚ್ಚುಕಟ್ಟಾದ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇಲ್ಲಿ ಮೂಲ ಅಕ್ಷರವನ್ನೇ ಎಸೆದು ಅದರ ಜಾಗಕ್ಕೆ ಚಿಹ್ನೆ ಕೂರಿಸಲಾಗಿರುತ್ತದೆ. ಆ ಪ್ರತಿಯಿಂದ ಕನ್ನಡ ಮರಳುವುದಿಲ್ಲ. ಇಂಗ್ಲಿಷ್ ತಾಣ ನೋಡಿಕೊಂಡವರಿಗೆ ಈ ಸಮಸ್ಯೆ ಎದುರಾಗಿಯೇ ಇರುವುದಿಲ್ಲ. ಹಾಗಾಗಿ ಹೊರಗಿನ ಸಂಸ್ಥೆಯವರು ‘ಬ್ಯಾಕಪ್ ಇದೆ ಸಾರ್’ ಎಂದರೆ ಅಷ್ಟಕ್ಕೆ ಬಿಡಬಾರದು. ಮರಳಿ ಹಾಕಿ, ಒತ್ತಕ್ಷರ ಇರುವ ಒಂದು ಪುಟ ತೆರೆದು ತೋರಿಸಲು ಹೇಳಬೇಕು. ನುಡಿ, ಬರಹಗಳ ಹಳೆಯ ಯೂನಿಕೋಡೇತರ ಅಕ್ಷರಶೈಲಿಯಲ್ಲಿ ಬರೆದ ಪುಟಗಳಿದ್ದರೆ ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಒಳಿತು.

ಮೂರು ಅವಧಿಯಲ್ಲಿ ಕಲಿಸುವ ಬಗೆ

ಐಸಿಟಿ ಪ್ರಾಯೋಗಿಕ ತರಗತಿಯಲ್ಲಿ ಇದಕ್ಕೆ ಮೂರು ಅವಧಿ ಸಾಕು. ಸರ್ವರ್ ಬೇಕಿಲ್ಲ. ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಎಂಬ ಸೌಲಭ್ಯದಲ್ಲಿ ಬ್ರೌಸರಿನೊಳಗೇ ಒಂದು ತಾಣ ತೆರೆದುಕೊಳ್ಳುತ್ತದೆ, ಏನನ್ನೂ ಅಳವಡಿಸಬೇಕಾಗಿಲ್ಲ, ಕೆಡಿಸಿದರೂ ಯಾರಿಗೂ ನಷ್ಟವಿಲ್ಲ.

ಮೊದಲ ಅವಧಿಯಲ್ಲಿ ಕಂಪ್ಯೂಟರ್ ಮುಟ್ಟದೆ ಆರಂಭಿಸಿ. ಮೇಲೆ ಹೇಳಿದ ಕಾವಲುಗಾರ ಮತ್ತು ಗುಮಾಸ್ತನ ಪಾತ್ರಗಳನ್ನು ಇಬ್ಬರಿಗೆ ಕೊಟ್ಟು, ಉಳಿದವರು ಚೀಟಿ ಬರೆದು ಒಳಗೆ ನುಗ್ಗಲು ಪ್ರಯತ್ನಿಸಲಿ. ‘123’ ತಡೆಯಲ್ಪಡುತ್ತದೆ, ‘123ಕ’ ಒಳಗೆ ಹೋಗುತ್ತದೆ. ಎಲ್ಲಿ ತಪ್ಪಾಯಿತು, ಇಬ್ಬರಲ್ಲಿ ಯಾರ ನಿಯಮ ಬದಲಿಸಬೇಕು ಎಂದು ಕೇಳಿ. ಕಾವಲುಗಾರನದು ಎಂದು ಕೆಲವರು, ಗುಮಾಸ್ತನದು ಎಂದು ಕೆಲವರು ವಾದಿಸುತ್ತಾರೆ; ಆ ವಾದವನ್ನು ಬೇಗ ಮುಗಿಸಬೇಡಿ. ‘ಸಂಖ್ಯೆಯಲ್ಲದ್ದು ಬಂದರೆ ಇಬ್ಬರೂ ಹಿಂದಿರುಗಿಸಬೇಕು’ ಎಂಬಲ್ಲಿಗೆ ಅವರೇ ಬಂದು ತಲುಪುತ್ತಾರೆ.

ಎರಡನೆಯ ಅವಧಿ ಪಾತ್ರಗಳ ಹಂಚಿಕೆಗೆ. ನಾಲ್ವರ ಗುಂಪಿಗೆ ಒಂದು ಕಾಲ್ಪನಿಕ ಶಾಲೆಯ ಸಿಬ್ಬಂದಿ ಪಟ್ಟಿ ಕೊಟ್ಟು, ಯಾರಿಗೆ ಯಾವ ಖಾತೆ ಎಂದು ನಿರ್ಧರಿಸಿ ಪ್ರಭಾರ ಪಟ್ಟಿ ತಯಾರಿಸಲು ಹೇಳಿ. ಮೌಲ್ಯಮಾಪನದಲ್ಲಿ ಪಟ್ಟಿಯ ಅಂದಕ್ಕೆ ಅಂಕ ಬೇಡ. ಅಡ್ಮಿನಿಸ್ಟ್ರೇಟರ್ ನಾಳೆ ವರ್ಗವಾದರೆ ಈ ಪಟ್ಟಿ ಹಿಡಿದು ಹೊಸಬರು ತಾಣ ನಡೆಸಬಲ್ಲರೇ ಎಂಬುದೊಂದೇ ಪರೀಕ್ಷೆ.

ಮೂರನೆಯದು ಕವಾಯತು. ಕನ್ನಡದಲ್ಲಿ ನಾಲ್ಕು ಪುಟ ಬರೆದು, ಬ್ಯಾಕಪ್ ಇಳಿಸಿಕೊಂಡು, ತಾಣವನ್ನು ಅಳಿಸಿ, ನಲವತ್ತು ನಿಮಿಷದೊಳಗೆ ಮರಳಿ ನಿಲ್ಲಿಸಬೇಕು. ಮೊದಲ ಸಲ ಅರ್ಧದಷ್ಟು ಗುಂಪುಗಳೂ ಮುಗಿಸದಿದ್ದರೆ ಚಿಂತೆಯಿಲ್ಲ. ಎಲ್ಲಿ ತಡೆಯಾಯಿತು ಎಂಬುದನ್ನು ದಿನಚರಿಯಲ್ಲಿ ಬರೆಸಿ, ಮುಂದಿನ ತಿಂಗಳು ಮತ್ತೊಮ್ಮೆ ಮಾಡಿಸಿ.

ತಾಣ ಕೈತಪ್ಪಿದೆ ಎಂಬ ಅನುಮಾನ ಬಂದಾಗ

ಲಾಗಿನ್ ಆಗಿ ನೋಡಿದರೆ ಎಲ್ಲ ಸರಿಯಿದೆ ಎನಿಸಬಹುದು. ಆದ್ದರಿಂದ ಲಾಗಿನ್ ಆಗದ ಬೇರೆ ಮೊಬೈಲಿನಿಂದ, ಗೂಗಲ್ ಮೂಲಕವೇ ತಾಣಕ್ಕೆ ಹೋಗಿ ನೋಡಬೇಕು. ಗೂಗಲ್‌ನ ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಸೈಟ್ ಪದ, ಅದರ ಮುಂದೆ ವಿವರಣ ಚಿಹ್ನೆಯ ಎರಡು ಚುಕ್ಕಿ, ಜಾಗ ಬಿಡದೆ ತಾಣದ ವಿಳಾಸ ಬರೆದರೆ ಗೂಗಲ್‌ಗೆ ತಿಳಿದಿರುವ ಆ ತಾಣದ ಪುಟಗಳೆಲ್ಲ ಬರುತ್ತವೆ. ನಲವತ್ತು ಪುಟದ ಶಾಲಾ ತಾಣಕ್ಕೆ ನಾಲ್ಕು ಸಾವಿರ ಪುಟ ಬಂದರೆ ಸಂಶಯಕ್ಕೆ ಎಡೆಯೇ ಇಲ್ಲ. ಬಳಕೆದಾರರ ಪಟ್ಟಿಯಲ್ಲಿ ಗೊತ್ತಿಲ್ಲದ ಅಡ್ಮಿನಿಸ್ಟ್ರೇಟರ್, ಚಿತ್ರಗಳಿರಬೇಕಾದ ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಕಡತ, ಇವೂ ಸ್ಪಷ್ಟ ಸೂಚನೆಗಳು.

ಆಗ ಗಾಬರಿಯಲ್ಲಿ ಅಪ್‌ಡೇಟ್ ಒತ್ತುವುದು ಪರಿಹಾರವಲ್ಲ. ಅಪ್‌ಡೇಟ್ ಬಾಗಿಲನ್ನು ಮುಚ್ಚುತ್ತದೆ. ಒಳಗೆ ಬಂದು ಅಡಗಿದವನು ಅಲ್ಲೇ ಇರುತ್ತಾನೆ. ಡ್ರುಪಲ್ ತಂಡ 2014ರಲ್ಲಿ ಹೇಳಿದ್ದೂ ಇದನ್ನೇ. ಮೊದಲು ತಾಣವನ್ನು ಸಾರ್ವಜನಿಕರಿಗೆ ಕಾಣದಂತೆ ನಿಲ್ಲಿಸಿ, ಈಗಿನ ಸ್ಥಿತಿಯ ಒಂದು ಪ್ರತಿಯನ್ನೂ ಸರ್ವರ್‌ನ ದಾಖಲೆಗಳನ್ನೂ ಪುರಾವೆಗಾಗಿ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ದಾಳಿಗೆ ಮುಂಚಿನ ಬ್ಯಾಕಪ್‌ನಿಂದ ಹೊಸದಾಗಿ ನಿಲ್ಲಿಸಿ, ಸಾರ್ವಜನಿಕರಿಗೆ ತೆರೆಯುವ ಮೊದಲೇ ಎಲ್ಲವನ್ನೂ ಅಪ್‌ಡೇಟ್ ಮಾಡಿ, ಪ್ರತಿಯೊಂದು ಪಾಸ್‌ವರ್ಡನ್ನೂ ಬದಲಿಸಬೇಕು. ಹೋಸ್ಟಿಂಗ್ ಮತ್ತು ಡೇಟಾಬೇಸ್‌ನ ಪಾಸ್‌ವರ್ಡ್‌ಗಳೂ ಇದರಲ್ಲಿ ಸೇರಿವೆ. ಭಾರತದಲ್ಲಿ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆಗಳೂ ಕಂಪನಿಗಳೂ ಸೇವಾದಾರರೂ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಜಾಲತಾಣವನ್ನು ವಿರೂಪಗೊಳಿಸಿದ್ದೂ ಆ ಪಟ್ಟಿಯಲ್ಲಿದೆ. ಸರ್ಕಾರಿ ಶಾಲೆಯಾದರೆ ಮುಖ್ಯಶಿಕ್ಷಕರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಅದೇ ದಿನ ಲಿಖಿತವಾಗಿ ತಿಳಿಸಿ, ಪತ್ರದ ಪ್ರತಿಯನ್ನು ಪ್ರಭಾರ ಪಟ್ಟಿಯ ಕಡತಕ್ಕೆ ಸೇರಿಸಬೇಕು. ಮಕ್ಕಳ ವಿವರಗಳು ತಾಣದಲ್ಲಿದ್ದರೆ ಪೋಷಕರಿಗೂ ತಿಳಿಸಬೇಕು.